ಅಸಿಟ್ರೋಮ್ ಹಳ್ಳಿಯಲ್ಲೂ ನಡೆಯುತ್ತದೆ: ನನ್ನ ಅನುಭವ

"ಸೇಡಂ, ಚಿತ್ತಾಪುರ ಕಡೆಯವರಿಗೆ ಐಎನ್‌ಆರ್ ನೋಡ್ಕೊಂಡು ಅಸಿಟ್ರೋಮ್ ಕೊಡ್ತೀಯಾ? ಸುಮ್ನೆ ತಲೆನೋವು" ಅಂದಿದ್ದರು ಕಲಬುರಗಿಯ ಗೆಳೆಯರು. ಅಸಿಟ್ರೋಮ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ; ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ತೋರಿಸುವ ಟೆಸ್ಟ್, ಅದನ್ನು ನೋಡಿಯೇ ಡೋಸ್. ಈಗ ನಾಲ್ಕು ವರ್ಷ ಆಯಿತು. ಎಪಿಎಸ್ (ದೇಹದ್ದೇ ಆಂಟಿಬಾಡಿಗಳಿಂದ ರಕ್ತ ಹೆಪ್ಪುಗಟ್ಟುವ ಕಾಯಿಲೆ) ಇರುವ ಹತ್ತು-ಹನ್ನೊಂದು ಜನ ನನ್ನ ಹತ್ತಿರ ಹೀಗೇ ನಡೆದಿದ್ದಾರೆ. ಅಸಿಟ್ರೋಮ್ ಹಿಡಿದ ಮೇಲೆ ಒಬ್ಬರಿಗೂ ಹೊಸ ಕ್ಲಾಟ್ ಆಗಿಲ್ಲ.

ಎಡವಿದ್ದೂ ಇದೆ. ಮೊದಲ ಪೇಷಂಟಿಗೆ ಹೆಪ್ಪು ತಡೆಯುವ ಹೆಪಾರಿನ್ ಡ್ರಿಪ್ ಹಾಕಿ, ಅದರ ಡೋಸ್ ಹೊಂದಿಸುವ ಎಪಿಟಿಟಿ ಟೆಸ್ಟ್ ನೋಡಿದೆ. 70 ಸೆಕೆಂಡ್ ಬಂತು ಅಂತ ಡೋಸ್ ಇಳಿಸಿದೆ. ಲೂಪಸ್ ಆಂಟಿಕೋಯಾಗುಲಂಟ್ (ಎಪಿಎಸ್‌ನ ಒಂದು ಆಂಟಿಬಾಡಿ) ಇದ್ದವರಿಗೆ ಹೆಪಾರಿನ್ ಹನಿ ಬೀಳುವ ಮೊದಲೇ ಎಪಿಟಿಟಿ ಏರಿರಬಹುದು, ಅಲ್ವಾ? ಓದಿದ್ದೆ, ಆ ರಾತ್ರಿ ನೆನಪಾಗಲಿಲ್ಲ. ಮೀನಖಂಡದ ಕ್ಲಾಟ್ ಎರಡೇ ದಿನದಲ್ಲಿ ತೊಡೆಗೆ ಏರಿತು. ಅವತ್ತಿನಿಂದ ತೂಕ ನೋಡಿ ಎನಾಕ್ಸಪರಿನ್ ಸೂಜಿ, ಅದಕ್ಕೆ ಎಪಿಟಿಟಿ ಬೇಕಿಲ್ಲ.

ಆಮೇಲೆ ರಿವರಾಕ್ಸಬಾನ್ ಆಸೆ, ಐಎನ್‌ಆರ್ ನೋಡಬೇಕಿಲ್ಲದ ಹೆಪ್ಪುತಡೆ ಗುಳಿಗೆ. ಟೆಸ್ಟಿಗೆ ಓಡಾಡೋದು ತಪ್ಪುತ್ತದೆ ಅಂತ ಎಪಿಎಸ್‌ನ ಮೂರೂ ಆಂಟಿಬಾಡಿ ಪಾಸಿಟಿವ್ ಇದ್ದ ಹೆಣ್ಣುಮಗಳಿಗೆ ಬರೆದುಕೊಟ್ಟೆ. ಏಳು ತಿಂಗಳಿಗೆ ಸ್ಟ್ರೋಕ್ ಆಗಿ, ಬಾಯಿ ಸೊಟ್ಟಾಗಿ ಬಂದಳು. ರಿವರಾಕ್ಸಬಾನನ್ನು ವಾರ್ಫರಿನ್ (ಅಸಿಟ್ರೋಮ್ ಜಾತಿಯದೇ ಔಷಧಿ) ಜೊತೆ ಹೋಲಿಸಿದ 2018ರ ಟ್ರ್ಯಾಪ್ಸ್ ಟ್ರಯಲ್ ನಿಲ್ಲಿಸಿದ್ದು ಇಂಥವರಲ್ಲಿ ವಾರ್ಫರಿನ್‌ಗಿಂತ ಜಾಸ್ತಿ ಕ್ಲಾಟ್ ಆದವು ಅಂತಲೇ. ಅದನ್ನು ಓದಿದ್ದು ಆಮೇಲೆ.

ಅವಳಿಗೇ ಅಸಿಟ್ರೋಮ್ ಶುರು ಮಾಡಿದೆ, ಐಎನ್‌ಆರ್ ಗುರಿ 2ರಿಂದ 3. ತಪ್ಪಲು ಪಲ್ಯದ ವಿಟಮಿನ್ ಕೆ ಅಸಿಟ್ರೋಮ್‌ಗೆ ಎದುರು, ಬಿಡು ಅಂದರೆ, "ಪುಂಡಿಪಲ್ಯ ಬಿಟ್ಟರ ರೊಟ್ಟಿ ಹ್ಯಾಂಗ ಇಳೀತದರೀ ಸಾಹೇಬ್ರ?" ಅಂದಳು. ನಿಜ ತಾನೇ? ಬಿಡಿಸಲಿಲ್ಲ. ದಿನಾ ಒಂದೇ ಸೌಟು, ಹಬ್ಬಕ್ಕೂ ಅಷ್ಟೇ ಅಂದೆ. ಐಎನ್‌ಆರ್ ಕುಣಿಯೋದು ನಿಂತಿತು.

ಉಳಿದದ್ದು ಒಂದು ನೋಟ್‌ಬುಕ್ಕಿನ ಕೆಲಸ. 1 ಎಂಜಿ, 2 ಎಂಜಿ ಗುಳಿಗೆ ಅದಲುಬದಲಾಗುತ್ತಿತ್ತು. ಖಾಲಿ ಪಟ್ಟಿಯ ತುಂಡು ಕತ್ತರಿಸಿ ಆಯಾ ವಾರದ ಹಾಳೆಗೆ ಅಂಟಿಸಿದೆ. ಅವಳ ಮಗ ಅದನ್ನು ನೋಡಿಯೇ ಗುಳಿಗೆ ಕೊಡುತ್ತಾನೆ. ಹಾಳೆ ತುಂಬ ಅರಿಶಿನದ ಬೆರಳಚ್ಚು. ಟೆಸ್ಟ್ ತಾಲೂಕಿನಲ್ಲೇ, 250 ರೂಪಾಯಿ ಚಿಲ್ಲರೆ. ರಿಪೋರ್ಟ್ ವಾಟ್ಸಾಪಿಗೆ. ಕಲಬುರಗಿಗೆ ಬಂದು ಹೋದರೆ ಬಸ್ಸು, ಊಟ, ಕೂಲಿ ಸೇರಿ ಎಂಟುನೂರು ಹೋಗುತ್ತಿತ್ತು. ಎಪಿಎಸ್ ಖಚಿತ ಮಾಡಲು ಹನ್ನೆರಡು ವಾರದ ಮೇಲೆ ಆಂಟಿಬಾಡಿ ಟೆಸ್ಟ್ ಮತ್ತೆ ಮಾಡಿಸಿ ಅಂದಾಗ ಮಾತ್ರ ಗಂಡ ಸಿಟ್ಟಾದ. ಆರೇಳು ಸಾವಿರ, ಸಿಟ್ಟು ಬರದೆ ಇರುತ್ತಾ?

ಒಮ್ಮೆ ಭೇದಿಗೆ ಯಾರೋ ಮೆಟ್ರೋನಿಡಜೋಲ್ ಕೊಟ್ಟು ಐಎನ್‌ಆರ್ 7 ದಾಟಿತು, ವಸಡಿನಿಂದ ರಕ್ತ. ಈಗ ನೋಟ್‌ಬುಕ್ಕಿನ ರಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿದೆ: ಬೇರೆ ಗುಳಿಗೆ, ಸೂಜಿ ಯಾವುದಾದರೂ ಮೊದಲು ಫೋನ್. ವಾರದ ಡೋಸ್ ಹೊಂದಿಸುವ ನನ್ನ ಲೆಕ್ಕ ಸದ್ಯ ನನ್ನ ಹತ್ತಿರವೇ ಇರಲಿ.

ಬೆರಳು ಚುಚ್ಚಿ ಐಎನ್‌ಆರ್ ನೋಡುವ ಮೀಟರನ್ನೂ ತಂದಿದ್ದೆ, ಸುಮಾರು 40 ಸಾವಿರ. ಒಂದೇ ದಿನ ಮೀಟರ್ 4.4, ಲ್ಯಾಬ್ 2.7. ಅಲ್ಲೂ ಅದೇ ಲೂಪಸ್ ಆಂಟಿಕೋಯಾಗುಲಂಟ್ ಕಾಟ. ಎಪಿಎಸ್ ಇಲ್ಲದ ಹೃದಯದ ವಾಲ್ವ್ ಪೇಷಂಟುಗಳಿಗೆ ಈಗ ಅದನ್ನು ಬಳಸುತ್ತಿದ್ದೇನೆ, ದುಡ್ಡು ಇನ್ನೂ ಹುಟ್ಟಿಲ್ಲ.