ಅಸ್ತಮಾಗೆ ಮಾತ್ರೆಯೋ, ಇನ್ಹೇಲರೋ? ಆರಿಸುವುದು ಮತ್ತು ಬಳಸುವುದು ಹೇಗೆ

"ಪಂಪ್ ಬೇಡ ಡಾಕ್ಟ್ರೇ, ಮಾತ್ರೇನೇ ಬರೆದುಕೊಡಿ." ದಮ್ಮು ಇರುವವರ ಮನೆಗಳಲ್ಲಿ ಈ ಮಾತು ಇನ್ನೂ ನಿಂತಿಲ್ಲ. ಪಂಪ್, ಅಂದರೆ ಇನ್ಹೇಲರ್, ಹಿಡಿದರೆ ಚಟ ಆಗುತ್ತದೆ, ಹುಡುಗಿಯ ಬ್ಯಾಗಿನಲ್ಲಿ ಕಂಡರೆ ಸಂಬಂಧ ತಪ್ಪಿಹೋಗುತ್ತದೆ ಅನ್ನೋ ಭಯ. ಚಟ ಖಂಡಿತ ಆಗುವುದಿಲ್ಲ.

ಮೊದಲು ಡೋಸ್ ನೋಡಿ. ಬಿಗಿದ ಶ್ವಾಸನಾಳ ಸಡಿಲಿಸುವ ಔಷಧಿ ಸಾಲ್ಬುಟಮಾಲ್. ಅದರ ಮಾತ್ರೆಯಲ್ಲಿ 4 ಮಿಲಿಗ್ರಾಂ ಇದ್ದರೆ, ಇನ್ಹೇಲರನ್ನು ಒಮ್ಮೆ ಒತ್ತಿದಾಗ ಬರುವುದು 100 ಮೈಕ್ರೋಗ್ರಾಂ. ಅಂದರೆ ನಲವತ್ತರಲ್ಲಿ ಒಂದು ಪಾಲು. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಶ್ವಾಸಕೋಶ ಮುಟ್ಟುವಷ್ಟರಲ್ಲಿ ಅರ್ಧ ಗಂಟೆ ಆಗಿರುತ್ತದೆ, ಜೊತೆಗೆ ಕೈ ನಡುಕ, ಎದೆ ಢವಢವ. ಇನ್ಹೇಲರ್ ಐದೇ ನಿಮಿಷದಲ್ಲಿ ಉಸಿರು ಸಡಿಲ ಮಾಡುತ್ತದೆ.

ಆಮೇಲೆ ನಿಮ್ಮ ಕೈಯಲ್ಲಿರುವ ಇನ್ಹೇಲರ್ ಯಾವುದು ಅಂತ ಓದಿ. ಸಾಲ್ಬುಟಮಾಲ್ ಆ ಹೊತ್ತಿನ ಉಬ್ಬಸಕ್ಕೆ ಮಾತ್ರ. ಒಳಗಿನ ಊತ ಇಳಿಸುವುದು ಬುಡೆಸೊನೈಡ್, ಫ್ಲುಟಿಕಾಸೋನ್‌ನಂಥ ಸ್ಟೀರಾಯ್ಡ್ ಇನ್ಹೇಲರ್. ಡಾಕ್ಟರ್ ದಿನಾ ಅಂದಿದ್ದರೆ ದಿನಾ ತೆಗೆದುಕೊಳ್ಳಬೇಕು, ಆರಾಮಿದ್ದೀನಿ ಅಂತ ಸುಮ್ನೆ ಬಿಡಬಾರದು. ಬರೀ ಸಾಲ್ಬುಟಮಾಲ್ ನೆಚ್ಚಿಕೊಂಡಿರುವುದು ಸರಿಯಲ್ಲ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಗಿನಾ 2019ರಲ್ಲೇ ಹೇಳಿದೆ.

ಹಾಗಾದರೆ ಮಾತ್ರೆ ಬೇಡವೇ ಬೇಡವಾ? ಬೇಕು, ಅದರ ಜಾಗದಲ್ಲಿ. ಮಾಂಟೆಲುಕಾಸ್ಟ್ ಮಾತ್ರೆ ಮೂಗಿನ ಅಲರ್ಜಿಯೂ ಇರುವ ಕೆಲವರಿಗೆ ಒಗ್ಗುತ್ತದೆ, ಆದರೆ ಹತೋಟಿಯ ವಿಷಯದಲ್ಲಿ ಸ್ಟೀರಾಯ್ಡ್ ಇನ್ಹೇಲರಿಗೆ ಸಮವಲ್ಲ. ಮಾಂಟೆಲುಕಾಸ್ಟ್‌ನಿಂದ ಮನಸ್ಸಿನ ಮೇಲೆ ಪರಿಣಾಮ ಆಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಗಂಭೀರ ಎಚ್ಚರಿಕೆ ಕೊಟ್ಟಿದೆ. ಇದನ್ನು ತೆಗೆದುಕೊಳ್ಳುವ ಮಗು ಕೆಟ್ಟ ಕನಸು ಕಂಡು ಎದ್ದು ಅಳುತ್ತಿದ್ದರೆ, ಕಾರಣವಿಲ್ಲದೆ ಸಿಡುಕುತ್ತಿದ್ದರೆ ಕೂಡಲೇ ಡಾಕ್ಟರಿಗೆ ತಿಳಿಸಿ. ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ ಜೋರಾದ ದಾಳಿಯಲ್ಲಿ ಕೆಲವೇ ದಿನಕ್ಕೆ, ಆಗ ಅದು ಜೀವ ಉಳಿಸುವ ಮಾತ್ರೆ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಮತ್ತೆ ಮತ್ತೆ ತಂದು ನುಂಗಿದರೆ ಶುಗರ್ ಏರುತ್ತದೆ, ಮೂಳೆ ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ವಾರಗಟ್ಟಲೆ ತೆಗೆದುಕೊಂಡವರು ದಿಢೀರನೆ ನಿಲ್ಲಿಸುವುದೂ ಅಪಾಯ.

ಈಗ ಪಂಪ್ ಒತ್ತುವ ರೀತಿ, ತುಂಬಾ ಜನ ಎಡವುವುದು ಇಲ್ಲೇ. ಚೆನ್ನಾಗಿ ಅಲುಗಾಡಿಸಿ. ಉಸಿರು ಪೂರ್ತಿ ಹೊರಗೆ ಬಿಡಿ. ಇನ್ಹೇಲರಿನ ಬಾಯಿಯ ಸುತ್ತ ತುಟಿ ಬಿಗಿಯಾಗಿ ಮುಚ್ಚಿ, ಉಸಿರು ನಿಧಾನಕ್ಕೆ ಎಳೆಯಲು ಶುರು ಮಾಡುತ್ತಲೇ ಒತ್ತಿ, ಎಳೆಯುತ್ತಲೇ ಇರಿ, ಹತ್ತು ಎಣಿಸುವವರೆಗೆ ಉಸಿರು ಹಿಡಿದುಕೊಳ್ಳಿ. ಒತ್ತಿದಾಗ ತುಟಿಯ ಅಂಚಿನಿಂದ ಬಿಳಿ ಹೊಗೆ ಹೊರಬಂದರೆ ಔಷಧಿ ಗಾಳಿಪಾಲಾಯಿತು ಅಂತಲೇ ಲೆಕ್ಕ. ಇನ್ನೊಂದು ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲುಗಾಡಿಸಿ. ಮಕ್ಕಳಿಗೆ, ವಯಸ್ಸಾದವರಿಗೆ ಸ್ಪೇಸರ್, ಅಂದರೆ ಇನ್ಹೇಲರಿಗೂ ಬಾಯಿಗೂ ನಡುವೆ ಸಿಕ್ಕಿಸುವ ಟೊಳ್ಳು ಡಬ್ಬಿ, ಬೇಕೇ ಬೇಕು. ಕೊಳ್ಳಲು ಆಗದಿದ್ದರೆ ಅರ್ಧ ಲೀಟರ್ ನೀರಿನ ಬಾಟಲಿಯ ತಳದಲ್ಲಿ ಇನ್ಹೇಲರ್ ಬಿಗಿಯಾಗಿ ಕೂರುವಷ್ಟು ತೂತು ಮಾಡಿಕೊಂಡರೂ ಕೆಲಸ ಆಗುತ್ತದೆ. ಪುಡಿಯ ಕ್ಯಾಪ್ಸೂಲ್ ಹಾಕುವ ರೋಟಾಹೇಲರ್ ಆದರೆ ಪೂರಾ ಉಲ್ಟಾ, ಜೋರಾಗಿ, ಆಳವಾಗಿ ಎಳೆಯಬೇಕು, ಅದರೊಳಗೆ ಊದಬಾರದು. ಸ್ಟೀರಾಯ್ಡ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಫಂಗಸ್ ಬರಬಹುದು.

ಒಂದು ವಾಕ್ಯ ಪೂರ್ತಿ ಮಾತಾಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ ಮಾತ್ರೆ ಹುಡುಕುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಸಾಲ್ಬುಟಮಾಲನ್ನು ಸ್ಪೇಸರಿನಲ್ಲಿ ಒಂದೊಂದೇ ಪಫ್ ಕೊಡುತ್ತಿರಿ.