ಇಂಡೊನೇಷ್ಯಾದ ಇಜೆನ್ ಜ್ವಾಲಾಮುಖಿಗೆ ಹೋಗೋ ಪ್ಲಾನ್ ಇದ್ರೆ ಮೊದ್ಲು ಗ್ಯಾಸ್ ಬಗ್ಗೆ ತಿಳ್ಕೊಳಿ

ಲಾಲ್‌ಬಾಗ್ ಬಂಡೆ ಹತ್ತಿ ಇಳಿದು ಬೆಳೆದ ನಮಗೆ ನೆಲ ಅಂದ್ರೆ ಅಲ್ಲಾಡದೇ ಇರೋದು, ಆ ಬಂಡೆಗೆ ಸುಮಾರು 300 ಕೋಟಿ ವರ್ಷ, ಎಂದೋ ತಣ್ಣಗಾಗಿ ಕೂತಿದೆ. ಅದಕ್ಕೇ ಬಿಸಿ ನೆಲದ ಮೇಲೆ ಹೇಗಿರ್ಬೇಕು ಅನ್ನೋದು ನಮಗೆ ತಾನಾಗೇ ಗೊತ್ತಾಗಲ್ಲ, ಕಲಿತೇ ಹೋಗ್ಬೇಕು. ನಾನು ಮತ್ತು ನಮ್ಮ ಭಾವ ಹೋದಾಗ ಲಾವಾ ಬಗ್ಗೆ ಎಲ್ಲಾ ಓದ್ಕೊಂಡಿದ್ವಿ, ಗ್ಯಾಸ್ ಬಗ್ಗೆ ಏನೂ ಓದಿರ್ಲಿಲ್ಲ, ಅಲ್ಲಿ ಹೆದರಿಸಿದ್ದು ಮಾತ್ರ ಅದೇ.

ದಾರಿ ಸುಲಭ. ಬೆಂಗಳೂರಿಂದ ಬಾಲಿಗೆ ಡೈರೆಕ್ಟ್ ಫ್ಲೈಟ್ ಇದೆ, ವೀಸಾ ಅಲ್ಲೇ ಇಳಿದ ಮೇಲೆ ಸಿಗುತ್ತೆ, ಅಲ್ಲಿಂದ ಗಿಲಿಮನೂಕ್‌ಗೆ ಹೋಗಿ ಫೆರಿ ಹತ್ತಿದ್ರೆ ಆಚೆ ದಡ ಜಾವಾ, ಇಜೆನ್ ಇರೋದು ಅಲ್ಲೇ. ಜಾವಾದಲ್ಲಿ ಗಡಿಯಾರ ಬಾಲಿಗಿಂತ ಒಂದು ಗಂಟೆ ಹಿಂದೆ, ಜೀಪ್ ಬರೋ ಟೈಮ್ ಯಾವ ಕಡೆ ಲೆಕ್ಕ ಅಂತ ಕೇಳ್ಕೊಳಿ. ಎಲ್ರೂ ನೋಡೋಕೆ ಹೋಗೋ ನೀಲಿ ಬೆಂಕಿ ಕತ್ತಲಲ್ಲಿ ಮಾತ್ರ ಕಾಣೋದು, ಹಾಗಾಗಿ ಪಾಲ್ತುಡಿಂಗ್ ಗೇಟಿಂದ ರಾತ್ರಿನೇ ಹತ್ತಬೇಕು, ಸುಮಾರು 3 ಕಿಲೋಮೀಟರ್ ಏರು, ಆಮೇಲೆ ಬೆಂಕಿ ಇರೋ ಕುಳಿಯೊಳಗೆ ಇಳೀಬೇಕು. ಒಂದೆರಡು ಭಾನುವಾರ ನಂದಿ ಬೆಟ್ಟದ ಮೆಟ್ಟಿಲು ಹತ್ತಿ ರೂಢಿ ಮಾಡ್ಕೊಂಡ್ರೆ ಕಾಲು ಕೈಕೊಡಲ್ಲ. ಮೇಲೆ ಚಳಿ ನಂದಿಗಿಂತ ಜಾಸ್ತಿ, ಸ್ವೆಟರ್ ಜೊತೆ ಮಂಕಿ ಕ್ಯಾಪ್ ಇರ್ಲಿ.

ಈಗ ಮುಖ್ಯ ವಿಷಯ. ಅಲ್ಲಿ ಉರಿಯೋದು ಲಾವಾ ಅಲ್ಲ, ಬಿರುಕಿಂದ ಬರೋ ಗಂಧಕದ ಗ್ಯಾಸ್, ಗಾಳಿ ಸೋಕಿದ ತಕ್ಷಣ ನೀಲಿಯಾಗಿ ಹತ್ಕೊಳ್ಳುತ್ತೆ. ಎನ್-95 ಮಾಸ್ಕ್ ಬೂದಿ ತಡೆಯುತ್ತೆ, ಗ್ಯಾಸ್ ತಡೆಯಲ್ಲ. ಆಸಿಡ್ ಗ್ಯಾಸ್‌ಗೆ ಅಂತಾನೇ ಇರೋ ಕಾರ್ಟ್ರಿಡ್ಜ್ ಮಾಸ್ಕ್ ಬೇಕು, ಗೇಟ್ ಹತ್ರ ಬಾಡಿಗೆಗೆ ಸಿಗುತ್ತೆ, ಆದ್ರೆ ಹಾಕ್ಕೊಂಡು ಅಂಗೈಯಿಂದ ಮುಚ್ಚಿ ಉಸಿರು ಎಳೆದು ನೋಡಿ, ಕೆನ್ನೆಗೆ ಅಂಟ್ಕೊಳ್ಳದೆ ಸೈಡಿಂದ ಗಾಳಿ ಬಂದ್ರೆ ಬೇರೆ ಕೇಳಿ. ಒದ್ದೆ ಟವೆಲ್ಲೂ ಇಟ್ಕೊಳಿ, ಆ ಹೊಗೆಯಲ್ಲಿರೋ ಸಲ್ಫರ್ ಡೈಆಕ್ಸೈಡ್ ನೀರಲ್ಲಿ ಕರಗೋದ್ರಿಂದ ಸ್ವಲ್ಪ ಸಹಾಯ ಆಗುತ್ತೆ ಅಷ್ಟೇ, ಮಾಸ್ಕ್ ಬದಲಿಗೆ ಅಲ್ಲ. ಕಾಂಟ್ಯಾಕ್ಟ್ ಲೆನ್ಸ್ ಬೇಡ. ಆಸ್ತಮಾ ಇರೋರು ದಯವಿಟ್ಟು ಹೋಗ್ಬೇಡಿ, ಇದನ್ನ ಕೈಮುಗಿದು ಹೇಳ್ತೀನಿ.

ಕೊಳೆತ ಮೊಟ್ಟೆ ವಾಸನೆ ನಿಂತೋಯ್ತು ಅಂದ್ರೆ ಗ್ಯಾಸ್ ಹೋಯ್ತು ಅನ್ಕೋಬೇಡಿ, ಆ ವಾಸನೆ ಕೊಡೋ ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಆದ್ರೆ ಮೂಗೇ ಕೆಲಸ ನಿಲ್ಸುತ್ತೆ. ಕಾರ್ಬನ್ ಡೈಆಕ್ಸೈಡ್‌ಗಂತೂ ವಾಸನೆಯೇ ಇಲ್ಲ, ಗಾಳಿಗಿಂತ ಭಾರ, ತಗ್ಗಲ್ಲಿ ತುಂಬ್ಕೊಳ್ಳುತ್ತೆ. ಇದೇ ಜಾವಾದ ಡಿಯೆಂಗ್‌ನಲ್ಲಿ 1979ರಲ್ಲಿ ಹಾಗೆ 149 ಜನ ಸತ್ರು, ಅದರಲ್ಲಿ ಎಷ್ಟೋ ಜನ ಊರು ಬಿಟ್ಟು ಓಡ್ತಿದ್ದ ದಾರಿಯಲ್ಲೇ ಬಿದ್ದಿದ್ರು. ಸುಸ್ತಾಯ್ತು ಅಂತ ಹಳ್ಳದಲ್ಲಿ ಕೂರ್ಬೇಡಿ, ಯಾವಾಗ್ಲೂ ಎತ್ತರದಲ್ಲಿ, ಹೊಗೆ ನಿಮ್ಮಿಂದ ಆಚೆ ಹೋಗೋ ಕಡೆ ನಿಲ್ಲಿ. ಇಜೆನ್ ಕುಳಿಯಲ್ಲಿರೋ ಕೆರೆ ನೋಡೋಕೆ ಹಸಿರು ನೀಲಿ, ಪಿಎಚ್ ಒಂದಕ್ಕಿಂತ ಕಮ್ಮಿ, ಅಂದ್ರೆ ಕಟು ಆಸಿಡ್, ಕೈ ಅದ್ದೋದಿರ್ಲಿ, ದಡದ ಹತ್ರ ಕೂಡ ಹೋಗ್ಬೇಡಿ.

ಹೊರಡೋ ಹಿಂದಿನ ದಿನ ಅಲರ್ಟ್ ಲೆವೆಲ್ ನೋಡಿ. ಇಂಡೊನೇಷ್ಯಾದಲ್ಲಿ ನಾಲ್ಕು ಹಂತ, ನಾರ್ಮಲ್, ವಸ್ಪಾದಾ, ಸಿಯಾಗಾ, ಆವಾಸ್. ಎರಡನೇ ಹಂತ ವಸ್ಪಾದಾ ಅಂದ್ರೇನೇ ನಾನಂತೂ ಕುಳಿಯೊಳಗೆ ಇಳಿಯಲ್ಲ. ನ್ಯೂಜಿಲೆಂಡಿನ ವೈಟ್ ಐಲ್ಯಾಂಡ್‌ನಲ್ಲಿ 2019ರ ಡಿಸೆಂಬರ್ 9ಕ್ಕೆ ಅಲರ್ಟ್ ಎರಡರಲ್ಲೇ ಇತ್ತು, ಟೂರ್ ನಡೀತಾನೇ ಇತ್ತು, ದ್ವೀಪದಲ್ಲಿದ್ದ 47 ಜನರಲ್ಲಿ 22 ಜನ ಉಳೀಲಿಲ್ಲ. ಟಿಕೆಟ್ ದುಡ್ಡು ಹೋದ್ರೆ ಹೋಗ್ಲಿ ರೀ.

ಇಳಿಯೋ ದಾರೀಲಿ ಗಂಧಕದ ಗಟ್ಟಿ ಹೊತ್ತವರು ಎದುರಿಗೆ ಬರ್ತಾರೆ, ಹೆಗಲ ಮೇಲೆ 70 ರಿಂದ 90 ಕಿಲೋ, ಬಿದಿರ ಬುಟ್ಟಿ ಕಿರ್‌ಕಿರ್ ಅನ್ನೋದು ದೂರದಿಂದಲೇ ಕೇಳಿಸುತ್ತೆ. ಕೇಳಿಸಿದ ತಕ್ಷಣ ಗೋಡೆ ಕಡೆ ಸರಿದು ನಿಲ್ಲಿ, ಕಣ್ಣಿಗೆ ಟಾರ್ಚ್ ಬಿಡ್ಬೇಡಿ.

ಇನ್ನೊಂದು, ಬೆಳ್ಳಿ ಮನೇಲೇ ಬಿಟ್ಟು ಹೋಗಿ, ಗಂಧಕದ ಗ್ಯಾಸ್‌ಗೆ ಕಪ್ಪಾಗುತ್ತೆ. ನನ್ನ ಕತ್ತಲ್ಲಿದ್ದ ಚೈನ್ ಬೆಳಗಾಗೋದ್ರೊಳಗೆ ಕಾಡಿಗೆ ಹಾಗೆ ಕಪ್ಪಾಗಿತ್ತು, ಊರಿಗೆ ಬಂದ್ಮೇಲೆ ಅಮ್ಮ ವಿಭೂತಿ ಹಾಕಿ ತಿಕ್ಕಿದ್ರು, ಕೊಂಡಿಗಳ ಸಂದಿಯಲ್ಲಿ ಇನ್ನೂ ಹಾಗೇ ಇದೆ.