ಹತ್ತಿ ಬನಿಯನ್ ಹಾಕಿಕೊಂಡು ಹಿಮದ ಗುಡ್ಡ ಹತ್ತಿದ್ದು

ಯಾದಗಿರಿಯ ಬಿಸಿಲಿನಲ್ಲಿ ಹತ್ತಿ ಬನಿಯನ್‌ಗಿಂತ ದೊಡ್ಡ ಉಪಕಾರಿ ಇಲ್ಲ. ಬೆವರು ಹೀರುತ್ತದೆ, ಸ್ವಲ್ಪ ಗಾಳಿ ಬಂದರೆ ಮೈ ತಣ್ಣಗಾಗುತ್ತದೆ. ಮಣ್ಣಿನ ಕೊಡದಲ್ಲಿ ನೀರು ತಣ್ಣಗಾಗುವುದೂ ಹೀಗೇ. ಅದೇ ಬನಿಯನ್ ಹಾಕಿಕೊಂಡು ನಾನು ಹಿಮದ ಗುಡ್ಡ ಹತ್ತಿದೆ. ಚಳಿಗೆ ಹೆದರಿ ಏನೇನೋ ಕೊಂಡಿದ್ದೆ, ಒಳಗೆ ಏನು ಹಾಕಬೇಕು ಅಂತ ಮಾತ್ರ ಯೋಚನೆಯೇ ಮಾಡಿರಲಿಲ್ಲ.

ನಾನು, ನನ್ನ ಗೆಳೆಯ ಇಬ್ಬರೇ ಹೋಗಿದ್ದು. ಮಾರ್ಚ್ ಮೊದಲ ವಾರ, ಉತ್ತರಾಖಂಡದ ಚೋಪ್ತಾ. ಅಲ್ಲಿಂದ ತುಂಗನಾಥ ದೇವಸ್ಥಾನ, ಅದರ ಮೇಲೆ ಚಂದ್ರಶಿಲೆಯ ತುದಿ. ನಸುಕಿನಲ್ಲಿ ಹೊರಟರೆ ಮಧ್ಯಾಹ್ನಕ್ಕೆ ವಾಪಸ್. ಹತ್ತುವ ದಾರಿ ಐದು ಕಿಲೋಮೀಟರ್ ಚಿಲ್ಲರೆ, ಏರಬೇಕಾದ ಎತ್ತರ ಸುಮಾರು 1000 ಮೀಟರ್. ಕೇಳೋಕೆ ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಆದರೆ ನಮ್ಮ ಊರು ಇರುವುದು 400 ಮೀಟರ್ ಆಸುಪಾಸಿನಲ್ಲಿ. ಆ ತುದಿ 3,600 ಮೀಟರ್ ದಾಟುತ್ತದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮೂರಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟೇ.

ಹೊರಡುವ ಮೂರು ತಿಂಗಳು ಮುಂಚೆ ಯಾದಗಿರಿ ಕೋಟೆ ಗುಡ್ಡ ಹತ್ತೋಕೆ ಶುರು ಮಾಡಿದೆವು. ವಾರಕ್ಕೆ ನಾಲ್ಕು ದಿನ, ಬೆಳಿಗ್ಗೆ ಐದೂವರೆಗೆ. ಎರಡನೇ ತಿಂಗಳಿಂದ ಬ್ಯಾಗಿನಲ್ಲಿ ಐದು ಕಿಲೋ ಜೋಳ. ಅವ್ವ ನೋಡಿ, "ಅಷ್ಟ ದೂರ ಹೋಗಿ ಗುಡ್ಡ ಹತ್ತಬೇಕೇನೋ? ಊರಾಗ ಇರೂದು ಗುಡ್ಡ ಅಲ್ಲೇನು?" ಅಂದಳು. ಒಂದು ವಿಷಯ ಹೇಳಿಬಿಡುತ್ತೇನೆ: ಹತ್ತುವುದಕ್ಕಿಂತ ಭಾರ ಹೊತ್ತು ಇಳಿಯುವ ಅಭ್ಯಾಸ ಜಾಸ್ತಿ ಮಾಡಿ. ಆ ಕಲ್ಲು ಮೆಟ್ಟಿಲುಗಳನ್ನು ನಿಧಾನವಾಗಿ ಇಳಿದಿದ್ದಕ್ಕೇ ಹಿಮದಲ್ಲಿ ನನ್ನ ಮಂಡಿ ಉಳಿಯಿತು.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ ಯಾದಗಿರಿಯಲ್ಲೇ ನಿಲ್ಲುತ್ತದೆ, ನೇರ ದೆಹಲಿ. ಅಲ್ಲಿಂದ ಋಷಿಕೇಶ, ದೇವಪ್ರಯಾಗ, ರುದ್ರಪ್ರಯಾಗ, ಊಖೀಮಠ. ಹಿಮ ಜಾಸ್ತಿ ಬಿದ್ದಿದ್ದರೆ ಚೋಪ್ತಾ ರಸ್ತೆ ನಡುವೆಯೇ ನಿಂತುಹೋಗುತ್ತದೆ, ಉಳಿದದ್ದನ್ನು ನಡೆಯಬೇಕು. ನಮಗೆ ಅದೃಷ್ಟಕ್ಕೆ ತೆರೆದಿತ್ತು. ಬಂದ ದಿನವೇ ಹತ್ತಲು ಹೋಗಬೇಡಿ. ಒಂದು ರಾತ್ರಿ ಅಲ್ಲೇ ಮಲಗಿ, ಮೈಗೆ ಆ ಗಾಳಿ ಒಗ್ಗಲಿ. ತಲೆನೋವು ಬಂದು ಜಾಸ್ತಿಯಾಗುತ್ತಾ ಹೋದರೆ ಹಠ ಬೇಡ, ಕೆಳಗೆ ಇಳಿಯುವುದೇ ಮದ್ದು.

ನಸುಕಿನ ನಾಲ್ಕೂವರೆಗೆ ಹೊರಟೆವು. ಇಷ್ಟು ಬೇಗ ಯಾಕೆ ಅಂದರೆ, ರಾತ್ರಿ ಚಳಿಗೆ ಹಿಮ ಗಟ್ಟಿಯಾಗಿರುತ್ತದೆ, ಮೇಲೆ ನಡೆಯಬಹುದು. ಬಿಸಿಲೇರಿದರೆ ಮೆತ್ತಗಾಗಿ ಕಾಲು ಹೂತುಹೋಗುತ್ತದೆ. ಗೈಡ್ ಮೊದಲೇ ಹೇಳಿಬಿಟ್ಟಿದ್ದ, "ಹತ್ತು ಗಂಟೆಗೆ ಎಲ್ಲೇ ಇದ್ದರೂ ವಾಪಸ್." ಅವನ ಜೊತೆ ನಮ್ಮದು ಯಾದಗಿರಿ ಹಿಂದಿ. ನಾನು ಚಹಾ "ನಕ್ಕೋ", ಅಂದರೆ ಬೇಡ, ಅಂದಾಗಲೆಲ್ಲ ಅವನು ನಗುತ್ತಿದ್ದ. ಆಮೇಲೆ ಅವನೇ ಎಲ್ಲದಕ್ಕೂ ನಕ್ಕೋ ಅನ್ನೋಕೆ ಶುರು ಮಾಡಿದ.

ಚಳಿ ಅಂತ ಇದ್ದದ್ದೆಲ್ಲ ಹಾಕಿಕೊಂಡಿದ್ದೆ. ಬನಿಯನ್, ಅಂಗಿ, ಸ್ವೆಟರ್, ದಪ್ಪ ಜಾಕೆಟ್. ಅರ್ಧ ಗಂಟೆಗೆ ಒಳಗೆಲ್ಲ ಬೆವರು. ಗೈಡ್ ಎರಡು ಸಲ ಜಾಕೆಟ್ ತೆಗೆಯಿರಿ ಅಂದ. ಬಿಸಿಲೂರಿನವನಿಗೆ ಬೆವರೇನು ಹೊಸದಾ ಅಂದುಕೊಂಡು ನಾನು ಅವನ ಮಾತು ಕೇಳಲಿಲ್ಲ.

ತುಂಗನಾಥ ತಲುಪುವ ಹೊತ್ತಿಗೆ ಬೆಳಕು ಹರಿದಿತ್ತು. ಪಂಚಕೇದಾರಗಳಲ್ಲಿ ಒಂದು ಇದು. ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತದೆ, ಉತ್ಸವಮೂರ್ತಿ ಕೆಳಗೆ ಮಕ್ಕುಮಠದಲ್ಲಿ. ನಾವು ಹೊರಗಿಂದಲೇ ಕೈ ಮುಗಿದು ಕೂತೆವು. ಐದೇ ನಿಮಿಷ. ಗಾಳಿ ಬೀಸಿತು. ಒದ್ದೆ ಬನಿಯನ್ ಬೆನ್ನಿಗೆ ಅಂಟಿ ಮಂಜುಗಡ್ಡೆ ಇಟ್ಟ ಹಾಗಾಯಿತು. ಹಲ್ಲು ಕಟಕಟ, ಬೆರಳು ಮಡಚಲು ಬರುತ್ತಿಲ್ಲ, ಬ್ಯಾಗಿನ ಜಿಪ್ ಎಳೆಯೋಕೂ ಆಗಲಿಲ್ಲ. ಗೆಳೆಯನೇ ತೆಗೆದು ಅವನ ಒಣ ಟೀಶರ್ಟ್ ಕೊಟ್ಟ. ಆಟ ಆಡುವವರು ಹಾಕುವ ಪಾಲಿಯೆಸ್ಟರಿನದು. ಗೋಡೆ ಮರೆಯಲ್ಲಿ ನಿಂತು ಬಟ್ಟೆ ಬದಲಿಸಿದೆ. ಊರಲ್ಲಿ ನಮ್ಮನ್ನು ಕಾಯುವ ಬೆವರೇ ಇಲ್ಲಿ ಮೈಯ ಬಿಸಿಯನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಹಿಂಡಿದ ಬನಿಯನ್ನನ್ನು ಬ್ಯಾಗಿನ ಹಿಂದೆ ಕಟ್ಟಿದೆ.

ಈಗ ಹೋದರೆ ಏನು ಮಾಡುತ್ತೇನೆ ಗೊತ್ತಾ? ಹೊರಡುವಾಗ ಸ್ವಲ್ಪ ಚಳಿ ಆಗುವಷ್ಟೇ ಬಟ್ಟೆ. ಮೈಗೆ ಅಂಟಿ ಬೇಗ ಒಣಗುವ ಟೀಶರ್ಟ್, ಅದರ ಮೇಲೆ ತೆಳು ಉಣ್ಣೆಯದು. ದಪ್ಪ ಜಾಕೆಟ್ ಬ್ಯಾಗಿನಲ್ಲಿ, ನಿಂತ ತಕ್ಷಣ ಹಾಕೋಕೆ. ಇನ್ನೊಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ.

ಅಲ್ಲಿಂದ ತುದಿಗೆ ಒಂದೂವರೆ ಕಿಲೋಮೀಟರ್ ಅಷ್ಟೇ, ಆದರೆ ಕಡಿದಾದ ದಾರಿ. ಬೂಟಿಗೆ ಹಾಕುವ ಮುಳ್ಳಿನ ಸರಪಳಿ, ಎಲ್ಲರೂ ಸ್ಪೈಕ್ಸ್ ಅಂತಾರಲ್ಲ, ಅದು ಇಲ್ಲಿ ಬೇಕೇ ಬೇಕು. ನಾನು ಬಾಡಿಗೆಗೆ ತಂದಿದ್ದರ ರಬ್ಬರ್ ನಡುದಾರಿಯಲ್ಲಿ ಹರಿಯಿತು. ಅಂಗಡಿಯಲ್ಲಿ ಎಳೆದು ನೋಡಿರಲಿಲ್ಲ, ತಪ್ಪು ನನ್ನದೇ. ಗೈಡ್ ದಾರದಲ್ಲಿ ಬಿಗಿದು ಕಟ್ಟಿಕೊಟ್ಟ. ಹತ್ತು ಹೆಜ್ಜೆ, ನಾಲ್ಕು ಉಸಿರು. ಹೀಗೇ ಎಣಿಸಿಕೊಂಡು ಎಂಟೂಕಾಲಿಗೆ ಮೇಲೆ ಬಂದೆವು.

ಎದುರಿಗೆ ಚೌಖಂಬಾ, 7,138 ಮೀಟರ್. ಆ ಕಡೆ ನಂದಾದೇವಿ, ತ್ರಿಶೂಲ. ಗೆಳೆಯ ಸುಮ್ನೆ ನಿಂತುಬಿಟ್ಟ. ಫೋಟೋ ತೆಗೆಯೋಣ ಅಂದರೆ ನನ್ನ ಫೋನ್ ಚಳಿಗೆ ಆಫ್ ಆಗಿತ್ತು. ಅವನು ತನ್ನದನ್ನು ಒಳಜೇಬಿನಲ್ಲಿ ಇಟ್ಟಿದ್ದ, ಬದುಕಿತ್ತು. ನೀರಿನ ಬಾಟಲಿ ಮಾತ್ರ ಗೈಡ್ ಹೇಳಿದಂತೆ ತಲೆಕೆಳಗಾಗಿ ಇಟ್ಟಿದ್ದೆವು. ಮಂಜು ನೀರಿನ ಮೇಲ್ಭಾಗದಲ್ಲೇ ಕಟ್ಟುವುದರಿಂದ ಬಾಯಿ ಮುಚ್ಚಿಹೋಗಿರಲಿಲ್ಲ.

ಬಾಳೆಹಣ್ಣು ಕಪ್ಪಾಗಿತ್ತು, ಚಾಕಲೇಟ್ ಹಲ್ಲಿಗೆ ಬಗ್ಗಲಿಲ್ಲ. ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿಗೆ ಏನೂ ಆಗಿರಲಿಲ್ಲ. ಅದರಲ್ಲಿ ನೀರಿನ ಪಸೆಯೇ ಇಲ್ಲವಲ್ಲ, ಹೆಪ್ಪುಗಟ್ಟುವುದು ಎಲ್ಲಿಂದ? ಶೇಂಗಾ ಹಿಂಡಿ ಉದುರಿಸಿಕೊಂಡು ಮುರಿದು ತಿಂದೆವು. ಗೈಡಿಗೂ ಒಂದು ಕೊಟ್ಟೆವು. ಅವನು ಅದನ್ನು ಕೈಯಲ್ಲಿ ಬಡಿದು ನೋಡಿ, ನನ್ನ ಬ್ಯಾಗಿನ ಕಡೆ ಬೆರಳು ತೋರಿಸಿ ನಗೋಕೆ ಶುರು ಮಾಡಿದ. ತಿರುಗಿ ನೋಡಿದರೆ ಬನಿಯನ್ ಸೆಟೆದು ನಿಂತಿತ್ತು. ಬಡಿದರೆ ರೊಟ್ಟಿಯದೇ ಸದ್ದು.

ಇಳಿಯುವಾಗ ಹಿಮ್ಮಡಿ ಮೊದಲು ಊರಬೇಕು, ದೇಹ ಹಿಂದಕ್ಕೆ ವಾಲಬಾರದು. ಗೆಳೆಯ ವಾಲಿದ, ಹತ್ತು ಅಡಿ ಜಾರಿ ಪೊದೆಗೆ ಸಿಕ್ಕಿಕೊಂಡ. ಪೆಟ್ಟಾಗಲಿಲ್ಲ. ತುಂಗನಾಥದ ಕೆಳಗೆ ಬಿಸಿಲು ಬಿದ್ದ ಕಡೆ ನಾನೂ ತೊಡೆಯವರೆಗೆ ಹೂತೆ. ಕಪ್ಪು ಕನ್ನಡಕ ತೆಗೆಯಬೇಡಿ, ಹಿಮದ ಬಿಳುಪು ಕೆಳಗಿಂದಲೂ ಕಣ್ಣಿಗೆ ಹೊಡೆಯುತ್ತದೆ. ನನ್ನ ಮೂಗಿನ ಹೊಳ್ಳೆಗಳ ಕೆಳಗೆ ಚರ್ಮ ಸುಟ್ಟಿತ್ತು. ಯಾದಗಿರಿಯಲ್ಲಿ ಅಲ್ಲಿಗೆ ಬಿಸಿಲು ತಾಕಿದ್ದೇ ನೆನಪಿಲ್ಲ.

ಹನ್ನೆರಡಕ್ಕೆ ಚೋಪ್ತಾದ ಚಹಾ ಅಂಗಡಿ. ಬನಿಯನ್ನನ್ನು ಒಲೆ ಪಕ್ಕದ ಮೊಳೆಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಅದು ಸಡಿಲವಾಗಿ ನೆಲಕ್ಕೆ ತೊಟ್ಟಿಕ್ಕತೊಡಗಿತು. ಅಂಗಡಿಯವನು ಏನೂ ಅನ್ನದೆ ಕೆಳಗೊಂದು ಡಬ್ಬ ಇಟ್ಟು, "ಇನ್ನೊಂದು ಚಹಾ?" ಅಂದ. ಗೈಡೇ ಉತ್ತರ ಕೊಟ್ಟ, "ನಕ್ಕೋ."